ಐವತ್ತರ ಬಸ್ಸು ಮತ್ತು ಬೆಳಗಿನ ಹತ್ತು ನಿಮಿಷ

ನಾನು ಓಡಿಸುವ ಶಾಲಾ ಬಸ್ಸು ಗಂಟೆಗೆ 50 ಕಿಲೋಮೀಟರ್ ದಾಟುವುದಿಲ್ಲ. ಎಷ್ಟು ತುಳಿದರೂ ಸ್ಪೀಡ್ ಗವರ್ನರ್ ಅಲ್ಲಿಗೇ ಹಿಡಿದಿಡುತ್ತದೆ. ಇದಕ್ಕೆ ಮೊದಲು ಹಲವು ವರ್ಷ ಖಾಸಗಿ ಲೈನ್ ಬಸ್ಸಿನಲ್ಲಿದ್ದೆ. (ಗವರ್ನರ್ ಅಲ್ಲಿಯೂ ಇರಬೇಕಾದದ್ದೇ; ಕೆಲಸ ಮಾಡುತ್ತಿತ್ತೇ ಎಂದು ಮಾತ್ರ ಕೇಳಬೇಡಿ.) ವೇಗದ ಮಿತಿ ಇಳಿಸಿದರೆ ಅಪಘಾತ ಕಡಿಮೆಯಾಗುತ್ತದೆಯೇ ಎಂದು ಯಾರಾದರೂ ಕೇಳಿದರೆ ಹೌದು ಎನ್ನುತ್ತೇನೆ. ಆದರೆ ಫಲಕ ನೆಟ್ಟ ಮಾತ್ರಕ್ಕೆ ಅಲ್ಲ. ಸಮಯವನ್ನೂ ಸಡಿಲಿಸಬೇಕು.

ಕೇರಳದ ನಮ್ಮ ಕಾಸರಗೋಡಿನಲ್ಲಿ ಚೆರ್ಕಳದಿಂದ ಬದಿಯಡ್ಕ, ಪೆರ್ಲ ದಾಟಿ ಅಡ್ಕಸ್ಥಳದ ಗಡಿಯವರೆಗಿನ ರಸ್ತೆಯನ್ನು ನೋಡಿದವರಿಗೆ ಗೊತ್ತು: ಒಂದು ಕಡೆ ಮುರಕಲ್ಲಿನ ಬರೆ, ಇನ್ನೊಂದು ಕಡೆ ಅಡಿಕೆ ತೋಟದ ತಗ್ಗು, ನಡುವೆ ತಿರುವಿನ ಮೇಲೆ ತಿರುವು. ಫಲಕದ ಅಕ್ಷರ ಮಲಯಾಳದ್ದೋ ಇಂಗ್ಲಿಷಿನದ್ದೋ, ಸಂಖ್ಯೆಯಂತೂ ಎಲ್ಲರಿಗೂ ಓದಲು ಬರುತ್ತದೆ. ಆದರೂ ಲೈನ್ ಬಸ್ಸಿನವರು ನೋಡುವುದು ಅದನ್ನಲ್ಲ, ಗಡಿಯಾರವನ್ನು. ಹಿಂದಿನ ಬಸ್ಸು ಬೆನ್ನು ಹತ್ತುವ ಮೊದಲು ಮುಂದಿನ ನಿಲ್ದಾಣದ ಜನರನ್ನು ಹತ್ತಿಸಿಕೊಳ್ಳಬೇಕು. ಪೇಟೆಯಲ್ಲಿ ಮೂರು ನಿಮಿಷ ಬ್ಲಾಕ್ ಆದರೆ ಅದನ್ನು ಹಿಂದಕ್ಕೆ ಪಡೆಯುವುದು ತಿರುವುಗಳಲ್ಲಿ. ಚಾಲಕನ ಸ್ವಭಾವ ಕೆಟ್ಟದ್ದು ಎನ್ನುವವರು ಟೈಮಿಂಗ್ ಪಟ್ಟಿಯನ್ನೊಮ್ಮೆ ನೋಡಬೇಕು.

ಶಾಲೆಗೆ ಸೇರಿದಾಗ ಕೈಗೆ ಬಂದ ಟ್ರಿಪ್ ಶೀಟ್ ಕೂಡ ಅಂಥದ್ದೇ. ಯಾರೋ ಕಾರಿನಲ್ಲಿ ಹೋಗಿ ನೋಡಿ ಬರೆದಂತಿತ್ತು. 50ರಲ್ಲಿ ಓಡುವ ಬಸ್ಸು ಆ ಹೊತ್ತಿಗೆ ಶಾಲೆ ತಲುಪಬೇಕಾದರೆ ಮಕ್ಕಳು ಓಡುತ್ತಿರುವ ಬಸ್ಸಿಗೇ ಹತ್ತಬೇಕಿತ್ತು. ಆಯಾ ಮತ್ತು ನಾನು ಕುಳಿತು ಪ್ರತಿ ನಿಲ್ದಾಣಕ್ಕೆ ನಿಜವಾಗಿ ಎಷ್ಟು ಹೊತ್ತು ಬೇಕೆಂದು ಬರೆದೆವು: ಚಿಕ್ಕ ಮಗು ಮೆಟ್ಟಿಲು ಹತ್ತಿ ಕುಳಿತುಕೊಳ್ಳುವವರೆಗೆ, ಕೊಡೆ ಮಡಚುವವರೆಗೆ. ಮೊದಲ ನಿಲ್ದಾಣವನ್ನು ಹತ್ತು ನಿಮಿಷ ಮುಂಚಿತ ಮಾಡಬೇಕು ಎಂದಾಗ ಪಿ.ಟಿ.ಎ. (ಪೋಷಕ-ಶಿಕ್ಷಕ ಸಂಘ) ಸಭೆಯಲ್ಲಿ ಜಗಳವೇ ಆಯಿತು. "ಮಗು ಎಷ್ಟು ಗಂಟೆಗೆ ಏಳಬೇಕು ಡ್ರೈವರಣ್ಣ?" ಎಂದು ಒಬ್ಬ ತಾಯಿ ಕೇಳಿದರು. ಕೇಳಿದ್ದು ನ್ಯಾಯವೇ. ಕೊನೆಗೆ ಹತ್ತಿರ ಹತ್ತಿರವಿದ್ದ ಕೆಲವು ನಿಲ್ದಾಣಗಳನ್ನು ಒಂದು ಮಾಡಿ ಐದು ನಿಮಿಷ ಉಳಿಸಿದೆವು, ಉಳಿದ ಐದನ್ನು ಅವರು ಒಪ್ಪಿದರು.

ಕಳೆದುಕೊಳ್ಳುವುದು ಅಷ್ಟೇ. ಹದಿನೈದು ಕಿಲೋಮೀಟರನ್ನು ಎಲ್ಲಿಯೂ ನಿಲ್ಲದೆ 70ರಲ್ಲಿ ಓಡಿಸಿದರೆ ಸುಮಾರು ಹದಿಮೂರು ನಿಮಿಷ, 50ರಲ್ಲಿ ಹದಿನೆಂಟು. ನಮ್ಮ ತಿರುವುಗಳಲ್ಲಿ 70 ಉದ್ದಕ್ಕೂ ಸಿಗುವುದೇ ಇಲ್ಲವಾದ್ದರಿಂದ ವ್ಯತ್ಯಾಸ ಇನ್ನೂ ಕಡಿಮೆ. ಗಳಿಸುವುದು ಬ್ರೇಕಿನಲ್ಲಿ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ಬಸ್ಸು ಜಾರುವ ದೂರ ನಾಲ್ಕು ಪಟ್ಟಾಗುತ್ತದೆ. ಒಣ ರಸ್ತೆಯಲ್ಲಿ, ಒಳ್ಳೆಯ ಬ್ರೇಕಿನಲ್ಲಿ, ಕಂಡು ಕಾಲಿಡಲು ಒಂದು ಸೆಕೆಂಡ್ ಎಂದಿಟ್ಟುಕೊಂಡರೂ 50ರ ವಾಹನ ನಿಲ್ಲಲು ಇಪ್ಪತ್ತೆಂಟು ಮೀಟರಿನಷ್ಟು ಬೇಕು. ಅದು ನಿಂತ ಜಾಗಕ್ಕೆ 70ರ ವಾಹನ ಬರುವಾಗ ಇನ್ನೂ 55ಕ್ಕಿಂತ ಹೆಚ್ಚು ವೇಗ ಉಳಿದಿರುತ್ತದೆ. ಜೂನ್ ತಿಂಗಳ ಮೊದಲ ಮಳೆಯಲ್ಲಿ, ರಸ್ತೆಯ ಎಣ್ಣೆ ತೇಲುವ ಹೊತ್ತಿನಲ್ಲಿ, ಈ ಲೆಕ್ಕವೂ ಕೈಕೊಡುತ್ತದೆ.

ಹಾಗೆಂದು ಒಂದೇ ವಾಹನ ನಿಧಾನವಾದರೆ ಎಲ್ಲ ಸರಿಯಾಗುವುದಿಲ್ಲ. ನನ್ನ ಹಿಂದೆ ಸಾಲು ಕಟ್ಟಿದವರಿಗೆ ತಾಳ್ಮೆ ಕೆಡುತ್ತದೆ. 50ರಲ್ಲಿ ಹೋಗುವ ಬಸ್ಸನ್ನು 70ರಲ್ಲಿ ಹಿಂದಿಕ್ಕಲು ಕಾರಿಗೆ ಏಳು ಸೆಕೆಂಡಾದರೂ ಬೇಕು. ಅಷ್ಟರಲ್ಲಿ ಅದು ಸುಮಾರು 140 ಮೀಟರ್ ಓಡಿರುತ್ತದೆ. ಎದುರಿನಿಂದ ಬರುವವನೂ ಅಷ್ಟೇ ಓಡಿರುತ್ತಾನೆ. ಅಂದರೆ 280 ಮೀಟರ್ ಖಾಲಿ ರಸ್ತೆ ಕಾಣಬೇಕು. ಪೆರ್ಲದ ದಾರಿಯಲ್ಲಿ ಅಷ್ಟು ಉದ್ದ ನೇರವಾಗಿ ಎಲ್ಲಿದೆ ಎಂದು ಹುಡುಕಬೇಕು! ಹಾಗಾಗಿ ಅಗಲ ಸಿಕ್ಕಲ್ಲೆಲ್ಲ ಬಸ್ಸನ್ನು ಎಡಕ್ಕೆ ತಂದು ನಿಧಾನಿಸಿ ಸಾಲನ್ನು ಬಿಟ್ಟುಬಿಡುತ್ತೇನೆ. ಆದರೆ "ಹೋಗು" ಎಂದು ಕೈ ತೋರಿಸುವುದಿಲ್ಲ, ಇಂಡಿಕೇಟರ್ ಹಾಕಿ ಕರೆಯುವುದೂ ಇಲ್ಲ. ಹೋಗಬಹುದೇ ಎಂದು ಅವನ ಕಣ್ಣೇ ನಿರ್ಧರಿಸಲಿ. ರಾಷ್ಟ್ರೀಯ ಹೆದ್ದಾರಿ 66ರ ಆರು ಪಥದಲ್ಲಂತೂ ಕಾರಿಗೆ 110ರವರೆಗೆ ಅನುಮತಿ ಇರುವಾಗ 50ರ ಬಸ್ಸಿಗೆ ಅಲ್ಲೇನು ಕೆಲಸ? ಸರ್ವಿಸ್ ರಸ್ತೆಯೇ ಸಾಕು.

ಕೇರಳದಲ್ಲಿ 2023ರ ಜುಲೈ 1ರಿಂದ ಮಿತಿಗಳು ಬದಲಾದವು. ಕಾರುಗಳಿಗೆ ಏರಿತು, ದ್ವಿಚಕ್ರ ವಾಹನಗಳಿಗೆ ಮಾತ್ರ 70ರಿಂದ 60ಕ್ಕೆ ಇಳಿಯಿತು, ಶಾಲಾ ಬಸ್ಸಿಗೆ 50 ಹಾಗೆಯೇ ಉಳಿಯಿತು. ಅದಕ್ಕೆ ಒಂದು ತಿಂಗಳ ಹಿಂದೆಯಷ್ಟೇ ಹೊಸ ಕ್ಯಾಮರಾಗಳೂ ಬಂದಿದ್ದವು. ಬೈಕಿನ ಹುಡುಗರು 60ಕ್ಕೆ ಇಳಿದದ್ದನ್ನು ನಾನು ಕಂಡದ್ದು ಕ್ಯಾಮರಾ ಕಂಬದ ಹತ್ತಿರ ಮಾತ್ರ. ಕಂಬ ದಾಟಿದರೆ ಸೈಲೆನ್ಸರಿನ ಸದ್ದೇ ಹೇಳುತ್ತದೆ. ಇಟಲಿ, ಬ್ರಿಟನ್‌ಗಳ ಕೆಲವು ರಸ್ತೆಗಳಲ್ಲಿ ಎರಡು ಕಡೆ ಕ್ಯಾಮರಾ ಇಟ್ಟು ನಡುವಿನ ಸರಾಸರಿ ವೇಗವನ್ನೇ ಲೆಕ್ಕ ಹಾಕುತ್ತಾರೆ. ಕಂಬದ ಬುಡದಲ್ಲಿ ಬ್ರೇಕ್ ಹಿಡಿಯುವ ಜಾಣತನ ಅಲ್ಲಿ ನಡೆಯುವುದಿಲ್ಲ. ನಮ್ಮ ಲೈನ್ ಬಸ್ಸುಗಳಿಗೆ ಇಂಥ ಲೆಕ್ಕ ಮೊದಲು ಬರಲಿ, ಜೊತೆಗೆ ಟೈಮಿಂಗ್ ಕೂಡ ಬದಲಾಗಲಿ. ಒಂದು ಬಂದು ಇನ್ನೊಂದು ಬಾರದಿದ್ದರೆ ನನ್ನ ಹಳೆಯ ಜೊತೆಗಾರರು ದಂಡ ಕಟ್ಟಿಯೇ ಸಾಯಬೇಕು.

ಗವರ್ನರಿಗೆ ಒಂದು ಕೆಲಸ ಗೊತ್ತಿಲ್ಲ: ಶಾಲೆಯ ಹತ್ತಿರ 30ಕ್ಕೆ ಇಳಿಯುವುದು. ಅದು ಕಾಲಿನ ಕೆಲಸ. ನಮ್ಮ ಗೇಟಿನ ಮುಂದೆ ಹಂಪ್ ಇದೆ, ಫಲಕವಿದೆ, ಬೆಳಿಗ್ಗೆ ಅವೆರಡನ್ನೂ ಹೆಚ್ಚು ಲೆಕ್ಕಿಸದೆ ಬರುವವರು ಮಕ್ಕಳನ್ನು ಬಿಡಲು ಬರುವ ತಂದೆಯರೇ. ಬಸ್ಸುಗಳಿಂದ ಮಕ್ಕಳು ಇಳಿದು ಒಳಗೆ ಹೋಗುವವರೆಗೆ ಅವರ ಕಾರು, ಬೈಕುಗಳನ್ನು ಬಸ್ ನಿಲ್ದಾಣದ ಆಚೆಯೇ ನಿಲ್ಲಿಸಬೇಕು ಎಂದು ಈ ಸಲದ ಪಿ.ಟಿ.ಎ.ಯಲ್ಲಿ ಕೇಳಿದ್ದೇನೆ. ಅರ್ಧ ಜನ ಒಪ್ಪಿದ್ದಾರೆ. ಉಳಿದವರು ಮಳೆಗಾಲ ಮುಗಿಯಲಿ, ಆಮೇಲೆ ನೋಡೋಣ ಎಂದಿದ್ದಾರೆ.