ಬೋಫೋರ್ಸ್ ಎಲ್-60 ತೋಪಿಗೆ ದಾವಣಗೆರೆಯಲ್ಲಿ ಹಣ ಕೂಡಿಸಿದ ಬಗೆ

ಕಟ್ಟೆಯ ಮೇಲೆ ಪ್ರದರ್ಶನಕ್ಕಿಡುವ ಹಳೆಯ ಬೋಫೋರ್ಸ್ ತೋಪಿನ ದುರಸ್ತಿಗೆ ದೇಣಿಗೆ ಕೇಳಿಕೊಂಡು ಮಂಡಿಗೆ ಹೋದರೆ ಮೊದಲು ಬರುವ ಮಾತು, "ಆ ಹಗರಣದ್ದೇನ್ರೀ?" ಕರಪತ್ರದ ಮೊದಲ ಸಾಲಿನಲ್ಲೇ ಇದಕ್ಕೆ ಉತ್ತರ ಅಚ್ಚು ಹಾಕಿಸಿ. ಹಗರಣದ್ದು 1986ರಲ್ಲಿ ಖರೀದಿಯಾದ 155 ಮಿ.ಮೀ. ಹೊವಿಟ್ಜರ್. ಇದು ಅದೇ ಸ್ವೀಡನ್ ಕಂಪನಿ 1930ರ ದಶಕದಲ್ಲಿ ರೂಪಿಸಿದ 40 ಮಿ.ಮೀ. ವಿಮಾನ ನಿರೋಧಕ ತೋಪು ಎಲ್-60, ಎರಡನೇ ಮಹಾಯುದ್ಧದ್ದು. ನಾಲ್ಕು ಗುಂಡಿನ ಕ್ಲಿಪ್ಪುಗಳನ್ನು ಮೇಲಿಂದ ಇಳಿಸುತ್ತಿದ್ದರೆ ನಿಮಿಷಕ್ಕೆ ಸುಮಾರು 120 ಗುಂಡು ಹಾರಿಸುತ್ತಿತ್ತು.

ಎರಡನೆಯ ಪ್ರಶ್ನೆ ಲೈಸೆನ್ಸಿನದು, ಅದು ನ್ಯಾಯವಾದದ್ದೇ. 1959ರ ಶಸ್ತ್ರಾಸ್ತ್ರ ಕಾಯ್ದೆ ವಿಮಾನ ನಿರೋಧಕ ತೋಪನ್ನು ಹೆಸರಿಸಿಯೇ ನಿಷೇಧಿತ ಆಯುಧಗಳ ಸಾಲಿಗೆ ಸೇರಿಸಿದೆ. ಹಾಗಾಗಿ ತೋಪು ಯಾರ ಸ್ವತ್ತು, ಗುಂಡು ಹಾರದಂತೆ ಮಾಡಿದ್ದಾರೆಯೇ ಎಂಬುದರ ಕಾಗದ ಕೈಗೆ ಬರುವವರೆಗೆ ಒಂದು ರೂಪಾಯಿಯನ್ನೂ ಎತ್ತಲಿಲ್ಲ.

'ತೋಪಿಗೆ ಕೊಡಿ' ಎಂದರೆ ನೂರು, ಇನ್ನೂರು ಬರುತ್ತದೆ. 'ಈ ಜಾಕ್ ನಿಮ್ಮದು' ಎಂದರೆ ಚೆಕ್ ಬರುತ್ತದೆ. ಅಂದಾಜು ಪಟ್ಟಿಯನ್ನು ಬಿಡಿಭಾಗದ ಲೆಕ್ಕದಲ್ಲೇ ಬರೆಸಿದೆವು: ಚಕ್ರ ಮತ್ತು ಟೈರು, ನೆಲಕ್ಕೆ ಊರುವ ಜಾಕುಗಳು, ನಳಿಕೆ ಎತ್ತಿಳಿಸುವ ಗೇರು, ಸುತ್ತ ತಿರುಗಿಸುವ ಗೇರು, ಬಣ್ಣ. ಹರಿಹರದಲ್ಲಿ ಕಿರ್ಲೋಸ್ಕರ್ ಲೇತುಗಳ ಮೇಲೆ ಪಳಗಿದ ಕೈಗಳು ಇನ್ನೂ ಇವೆ. ಅವರ ಕೊಟೇಶನ್ ತೋರಿಸಿದರೆ ಚೌಕಾಸಿ ಇರುವುದಿಲ್ಲ. ಟೈರುಗಳು ಬೇಗ ಖಾಲಿಯಾಗುತ್ತವೆ, ಏಕೆಂದರೆ ಕಣ್ಣಿಗೆ ಕಾಣುತ್ತವೆ. ಹೈಡ್ರಾ ಕ್ರೇನ್ ಬಾಡಿಗೆ, ಕಾಂಕ್ರೀಟ್ ಕಟ್ಟೆ, ವಿಮೆ ಇವಕ್ಕೆ ಯಾರೂ ಮುಂದೆ ಬರುವುದಿಲ್ಲ. ಅದಕ್ಕೇ ಪ್ರತಿ ಭಾಗದ ಬೆಲೆಗೆ ಐದನೇ ಒಂದು ಪಾಲು ಸೇರಿಸಿ, ಯಾಕೆಂದು ರಸೀದಿಯಲ್ಲೇ ಬರೆದೆವು. ಆಕ್ಷೇಪ ಬರಲಿಲ್ಲ.

ಅಂದಾಜು ಎಡವುವುದು ಬಣ್ಣದ ಕೆಲಸದಲ್ಲಿ. ಹಳೆ ಬಣ್ಣ, ತುಕ್ಕು ತೆಗೆಯಲು ಮರಳು ಊದಿಸುವುದು ಅಗ್ಗ, ಆದರೆ ಅದರ ಧೂಳು ಕೆಲಸಗಾರನ ಶ್ವಾಸಕೋಶ ತಿನ್ನುತ್ತದೆ. ಹಳೆಯ ಬಣ್ಣದಲ್ಲಿ ಸೀಸವೂ ಇರಬಹುದು. ಮರಳಿನ ಬದಲು ತಾಮ್ರದ ಕಿಟ್ಟ (ತಾಮ್ರ ಕರಗಿಸಿದಾಗ ಉಳಿಯುವ ಕಸರಿನ ಪುಡಿ) ಬಳಸಿ, ಮುಖವಾಡದ ಖರ್ಚು ಪಟ್ಟಿಗೆ ಸೇರಿಸಿ. ಬೇರಿಂಗ್, ಗೇರು, ನಳಿಕೆಯ ಬಾಯಿ ಎಲ್ಲಕ್ಕೂ ಮೊದಲೇ ಬಿರಡೆ ಹಾಕಬೇಕು. ತೆಳು ತಗಡಿಗೆ ಊದಿಸಿದರೆ ಅದು ಸೊಟ್ಟಗಾಗುತ್ತದೆ, ಕೈಯಲ್ಲೇ ಕೆರೆಯಬೇಕು. ನಳಿಕೆಗೆ ಸುತ್ತಿದ ದೊಡ್ಡ ಸ್ಪ್ರಿಂಗು ಒತ್ತಡದಲ್ಲೇ ಕೂತಿರುತ್ತದೆ. ಅದನ್ನು ಹಿಡಿದು ನಿಧಾನಕ್ಕೆ ಸಡಿಲಿಸುವ ಚೌಕಟ್ಟು ಇಲ್ಲದೆ ನಟ್ಟು ಬಿಚ್ಚಬಾರದು. ಆ ಚೌಕಟ್ಟಿಗೂ ದುಡ್ಡು ಬೇಕು. ಬರಿ ಕಬ್ಬಿಣದ ಮೇಲೆ ಸುಮಾರು ನಾಲ್ಕು ಗಂಟೆಯೊಳಗೆ ತುಕ್ಕು ತಡೆಯುವ ಎಪಾಕ್ಸಿ ಪ್ರೈಮರ್ ಬೀಳಬೇಕು, ಗಾಳಿಯ ತೇವ ಶೇ. 85 ದಾಟಿದರೆ ಕೆಲಸ ನಿಲ್ಲಿಸಬೇಕು. ಅಂದರೆ ಮಳೆಗಾಲ ಲೆಕ್ಕಕ್ಕಿಲ್ಲ.

ಕೆಲಸ ಬೇಸಿಗೆಗೆ ಬಂದರೆ ದುಡ್ಡು ಅದಕ್ಕೂ ಮುಂಚೆ ಕೈಯಲ್ಲಿರಬೇಕು. ಮೆಕ್ಕೆಜೋಳ ಮಾರುಕಟ್ಟೆಗೆ ಬಂದ ಮೇಲೆ ವರ್ತಕರ ಕೈ ಸಡಿಲವಾಗಿರುತ್ತದೆ, ಆಗ ಹೋಗಿ. ಊರದೇವತೆ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆ ವರ್ಷ ಅಮ್ಮನ ಜಾತ್ರೆಯ ವಂತಿಗೆ ಪಟ್ಟಿಯ ಮುಂದೆ ನಿಮ್ಮ ರಸೀದಿ ಪುಸ್ತಕ ಬಿಚ್ಚದಿರುವುದೇ ಲೇಸು.

ಟ್ರಸ್ಟಿನ ಆದಾಯಕ್ಕೂ ದಾನಿಗಳಿಗೂ ತೆರಿಗೆ ರಿಯಾಯಿತಿ ಕೊಡಿಸುವ ನೋಂದಣಿ (1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 12ಎ, 80ಜಿ) ಮಾಡಿಸದೆ ದೊಡ್ಡ ಮೊತ್ತ ಕೇಳಬೇಡಿ. ನಗದು 2000 ರೂಪಾಯಿ ಮೀರಿದರೆ ಕೊಟ್ಟವರಿಗೆ ಆ ತೆರಿಗೆ ರಿಯಾಯಿತಿ ಇಲ್ಲ. ಸಿಮೆಂಟ್, ಕಬ್ಬಿಣವನ್ನೇ ಕೊಟ್ಟರೂ ಇಲ್ಲ. ವರ್ತಕರಿಗೆ ಇದನ್ನು ಮೊದಲೇ ಹೇಳಿಬಿಡಿ, ಆಮೇಲೆ ಮುನಿಸು ಬೇಡ. ಪ್ಯಾನ್ ಸಂಖ್ಯೆಯನ್ನು ರಸೀದಿ ಹರಿಯುವಾಗಲೇ ಬರೆದುಕೊಳ್ಳಬೇಕು, ವರ್ಷದ ಕೊನೆಗೆ ಫೋನ್ ಮಾಡಿದರೆ ಅರ್ಧ ಜನ ಎತ್ತುವುದಿಲ್ಲ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣಕ್ಕೆ ಟ್ರಸ್ಟಿನ ಹೆಸರಲ್ಲಿ ಸಿಎಸ್‌ಆರ್-1 ನೋಂದಣಿ ಬೇಕು. ಅರ್ಜಿಯಲ್ಲಿ ರಾಷ್ಟ್ರೀಯ ಪರಂಪರೆಯ ರಕ್ಷಣೆ ಎಂಬ ಬಾಬನ್ನೇ ಹಿಡಿಯಿರಿ. ಹೊರದೇಶದಲ್ಲಿರುವ ಊರಿನವರ ಬಳಿ ಭಾರತದ ಪಾಸ್‌ಪೋರ್ಟ್ ಇದ್ದರೆ ಬ್ಯಾಂಕ್ ಮೂಲಕ ತೆಗೆದುಕೊಳ್ಳಬಹುದು. ಅಲ್ಲಿನ ಪೌರರಾಗಿದ್ದರೆ ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ಇಲ್ಲದೆ ಬಿಡಿಗಾಸೂ ಮುಟ್ಟಬಾರದು.

ಮಿಕ್ಕಿದ್ದನ್ನು ಉದ್ಘಾಟನೆಯ ಪೆಂಡಾಲಿಗೆ ಸುರಿಯದೆ ಎಫ್‌ಡಿ ಇಟ್ಟಿದ್ದೇವೆ. ಮಳೆಗಾಲಕ್ಕೆ ಮುಂಚೆ ಗೇರುಗಳಿಗೆ ಗ್ರೀಸು, ಬಣ್ಣ ಎದ್ದ ಕಡೆ ಮರುಲೇಪ ಅದರ ಬಡ್ಡಿಯಲ್ಲೇ ನಡೆಯುತ್ತದೆ.