ಜೊತೆಗಿದ್ದವರು ಒಳ್ಳೆಯವರು, ಮೇಲಿದ್ದವರಿಗೆ ನಂಬಿಕೆ ಇರಲಿಲ್ಲ

ಮೆಡಿಕಲ್ ಶಾಪ್‌ಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ಒಂದು ಸಣ್ಣ ಸ್ಟಾರ್ಟಪ್‌ನಲ್ಲಿ ಕೆಲಸ ಮಾಡಿದ್ದೆ. ಆಫೀಸು ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟ್‌ನಲ್ಲಿ. ಟೀಮಿನಲ್ಲಿ ದಾವಣಗೆರೆ, ಹುಬ್ಬಳ್ಳಿ, ಶಿರಸಿ ಕಡೆಯವರೇ ಜಾಸ್ತಿ. ಅಂಥ ಜೊತೆಗಾರರು ಸಿಗುವುದು ಕಷ್ಟ. ಒಬ್ಬರಿಗೆ ಹುಷಾರಿಲ್ಲ ಅಂದರೆ ಅವರ ಸಪೋರ್ಟ್ ಕಾಲ್‌ಗಳನ್ನು ಇನ್ನೊಬ್ಬರು ಹೇಳಿಸಿಕೊಳ್ಳದೇ ನೋಡಿಕೊಳ್ಳುತ್ತಿದ್ದರು. ಹೊಸಬರಿಗೆ ಕೋಡ್ ವಿವರಿಸಲು ತಮ್ಮ ಊಟದ ಹೊತ್ತನ್ನೇ ಬಿಟ್ಟುಕೊಡುತ್ತಿದ್ದರು.

ಮೇಲಿದ್ದವರದು ಬೇರೆಯೇ ರೀತಿ. ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಆಗಾಗ ಸ್ಕ್ರೀನ್‌ಶಾಟ್ ತೆಗೆಯುವ ಸಾಫ್ಟ್‌ವೇರ್ ಹಾಕಿದ್ದರು. ಕೀಬೋರ್ಡ್, ಮೌಸ್ ಎಷ್ಟು ಹೊತ್ತು ಆಡಿತು ಅಂತ ಅದು ಲೆಕ್ಕ ಇಡುತ್ತಿತ್ತು. ಬಗ್, ಅಂದರೆ ಕೋಡ್‌ನಲ್ಲಿರುವ ತಪ್ಪು, ಹುಡುಕುವ ಕೆಲಸದಲ್ಲಿ ಹೆಚ್ಚಿನ ಹೊತ್ತು ಹೋಗುವುದು ಲಾಗ್ (ಸಾಫ್ಟ್‌ವೇರ್ ತಾನೇ ಬರೆದಿಡುವ ದಾಖಲೆ) ಓದುವುದರಲ್ಲಿ, ಯೋಚಿಸುವುದರಲ್ಲಿ. ಆ ಹೊತ್ತೆಲ್ಲ ಸುಮ್ನೆ ಕೂತ ಲೆಕ್ಕಕ್ಕೆ ಸೇರುತ್ತಿತ್ತು. ಕಷ್ಟದ ಬಗ್ ಹಿಡಿದವರ ಅಂಕಿ ಎಲ್ಲರಿಗಿಂತ ಕೆಳಗೆ! ನನಗೆ ಇದು ಅವಮಾನ ಅನ್ನಿಸಿತು, ಈಗಲೂ ಹಾಗೇ ಅನ್ನಿಸುತ್ತದೆ.

ಅದಕ್ಕಿಂತ ದೊಡ್ಡ ತೊಂದರೆ ಎಂದರೆ, ಎಷ್ಟೇ ಸಣ್ಣ ಬದಲಾವಣೆಯಾದರೂ ಫೌಂಡರ್ ಒಪ್ಪಿಗೆ ಕೊಡದೆ ಗ್ರಾಹಕರಿಗೆ ಹೋಗುವಂತಿರಲಿಲ್ಲ. ಅವರು ಮೀಟಿಂಗ್‌ನಲ್ಲಿದ್ದರೆ ಎಲ್ಲವೂ ನಿಂತುಬಿಡುತ್ತಿತ್ತು.

2025ರ ಸೆಪ್ಟೆಂಬರ್‌ನಲ್ಲಿ ಇದು ಮಿತಿ ಮೀರಿತು. ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿ ದರ ಬದಲಾಯಿಸಿತು. ಹೆಚ್ಚಿನ ಔಷಧಿಗಳು ಶೇ 12ರಿಂದ ಶೇ 5ಕ್ಕೆ ಇಳಿದವು, ಕೆಲವು ಜೀವರಕ್ಷಕ ಔಷಧಿಗಳಿಗೆ ತೆರಿಗೆಯೇ ಇಲ್ಲ. ಜಾರಿ ಸೆಪ್ಟೆಂಬರ್ 22ರಿಂದ. ದರದ ಪಟ್ಟಿ ತಿದ್ದಿದರೆ ಮುಗಿಯುವ ಕೆಲಸವಲ್ಲ ಅದು. ಅಂಗಡಿಯಲ್ಲಿರುವ ಮಾತ್ರೆ ಸ್ಟ್ರಿಪ್ ಮೇಲೆ ಹಳೆಯ ಎಂಆರ್‌ಪಿ ಇರುತ್ತದೆ, ಬಿಲ್ಲು ಹೊಸ ದರದಲ್ಲಿ ಆಗಬೇಕು. ಸೆಪ್ಟೆಂಬರ್ 22ಕ್ಕೆ ಮುಂಚೆ ಮಾರಿದ ಔಷಧಿ ವಾಪಸ್ ಬಂದರೆ ಹಳೆಯ ದರವೇ ಲೆಕ್ಕಕ್ಕೆ ಬರಬೇಕು. ಪ್ರತಿಯೊಂದನ್ನೂ ಪರೀಕ್ಷಿಸಿ, ಒಪ್ಪಿಗೆಗೆ ಕಾದು, ತಿದ್ದಿ, ಮತ್ತೆ ಕಾಯುವಷ್ಟು ಸಮಯ ನಮ್ಮ ಹತ್ತಿರ ಇರಲಿಲ್ಲ.

ಆಗ ನಾನು ಮೊದಲು ಮಾಡಿದ್ದು ಒಂದು ಶೀಟ್. ಬದಲಾವಣೆ ಸಿದ್ಧವಾದ ಸಮಯ, ಒಪ್ಪಿಗೆ ಸಿಕ್ಕ ಸಮಯ, ಅದಕ್ಕಾಗಿ ಕಾಯುತ್ತಿರುವ ಅಂಗಡಿಗಳು ಎಷ್ಟು, ಇಷ್ಟೇ. ದೂರಿನ ಒಂದು ಮಾತೂ ಅದರಲ್ಲಿರಲಿಲ್ಲ. ಟೀಮಿನ ಎಲ್ಲರೂ ತುಂಬಿದರು. ಟೀ ಅಂಗಡಿ ಮುಂದೆ ಬೈದುಕೊಳ್ಳುವುದರಲ್ಲಿ ಹೋಗುತ್ತಿದ್ದ ಶಕ್ತಿ ಅಲ್ಲಿಗೆ ಹೋಯಿತು. ಸ್ನೇಹ ಗಟ್ಟಿಯಾಗಿದ್ದರಿಂದ ಇದು ಸಾಧ್ಯವಾಯಿತು. ಇಲ್ಲದಿದ್ದರೆ 'ನನ್ನ ಹೆಸರು ಬೇಡಪ್ಪ' ಅಂತ ಒಬ್ಬೊಬ್ಬರೇ ಹಿಂದೆ ಸರಿಯುತ್ತಿದ್ದರು.

ಶೀಟ್ ಹಿಡಿದುಕೊಂಡು ಫೌಂಡರ್ ಹತ್ತಿರ ಹೋಗಿ ನೇರವಾಗಿ ಕೇಳಿದೆ. 'ಸರ್, ನಾವು ಏನು ಮಾಡಿಬಿಡುತ್ತೇವೆ ಅಂತ ನಿಮಗೆ ಭಯ?' ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. ಹಿಂದೆ ಒಬ್ಬರು ಗ್ರಾಹಕರ ಪಟ್ಟಿಯನ್ನೇ ತೆಗೆದುಕೊಂಡು ಬೇರೆ ಕಂಪನಿಗೆ ಹೋಗಿದ್ದರಂತೆ.

ಹಾಗಾದರೆ ಬೀಗ ಹಾಕಬೇಕಾದ್ದು ಆ ಪಟ್ಟಿಗೆ ಅಲ್ವಾ? ಸ್ಕ್ರೀನ್‌ಶಾಟ್‌ನಿಂದ ಅದು ತಪ್ಪುವುದಿಲ್ಲ. ಗ್ರಾಹಕರ ಡೇಟಾ ಯಾರಿಗೆ ಕಾಣಬೇಕು ಅನ್ನುವುದನ್ನು ಬೇರೆ ಮಾಡೋಣ ಅಂದೆ. ಪರೀಕ್ಷೆಗೆ ಹೆಸರು, ಫೋನ್ ನಂಬರ್ ಅಳಿಸಿದ ಡೇಟಾ ಸಾಕು. ಪೂರ್ತಿ ಪಟ್ಟಿ ಡೌನ್‌ಲೋಡ್ ಮಾಡುವ ಅವಕಾಶ ಇಬ್ಬರಿಗೆ ಮಾತ್ರ, ಮಾಡಿದಾಗಲೆಲ್ಲ ಫೌಂಡರ್‌ಗೆ ಮೇಲ್. ಕೋಡ್ ಬದಲಾವಣೆಯನ್ನು ಟೀಮಿನ ಇನ್ನೊಬ್ಬರು ನೋಡಿ ಒಪ್ಪಿದರೆ ಬಿಡುಗಡೆ ಮಾಡೋಣ, ದಾಖಲೆ ಹೇಗೂ ಇರುತ್ತದೆ.

ಅವರು ಇಷ್ಟನ್ನು ಒಪ್ಪಿದರು. ಸೆಪ್ಟೆಂಬರ್ 22ರ ಬೆಳಿಗ್ಗೆ ಅಂಗಡಿಗಳು ಹೊಸ ದರದಲ್ಲಿ ಬಿಲ್ಲು ಹಾಕಿದವು. ಅದಕ್ಕಾಗಿ ರಾತ್ರಿ ಕೂತು ಮಾಡಿದ ಹೆಚ್ಚುವರಿ ಕೆಲಸದ ಬಗ್ಗೆಯೂ ಒಟ್ಟಿಗೆ ಕೇಳಿದೆವು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಮೀರಿದರೆ ದುಪ್ಪಟ್ಟು ಕೂಲಿ. ಸಿಕ್ಕಿದ್ದು ಬದಲಿ ರಜೆ ಮಾತ್ರ.

ಸ್ಕ್ರೀನ್‌ಶಾಟ್ ನಿಲ್ಲಲಿಲ್ಲ. ಎರಡು ಸಲ ಕೇಳಿದೆ, 'ಆಮೇಲೆ ನೋಡೋಣ' ಅಂದರು. ನಾನು ಹೊರಟಿದ್ದು ಅದೇ ಕಾರಣಕ್ಕೆ. ಜೊತೆಗಾರರ ಮುಖ ನೋಡಿಕೊಂಡು ಉಳಿಯುವ ಆಸೆ ತುಂಬ ಇತ್ತು. ಆದರೆ ಅವರ ಪ್ರೀತಿ ಮೇಲಿನವರ ಅನುಮಾನವನ್ನು ಸಹಿಸಲು ಸಹಾಯ ಮಾಡುತ್ತದೆ, ಹೋಗಲಾಡಿಸುವುದಿಲ್ಲ.

ಹೊರಡುವಾಗ ಕೆಲಸ ಒಪ್ಪಿಸಿದ ವಿವರವನ್ನು ಮೇಲ್‌ನಲ್ಲಿ ಕಳಿಸಿ, 'ತಲುಪಿದೆ' ಅನ್ನುವ ಉತ್ತರ ತರಿಸಿಕೊಂಡೆ. ರಿಲೀವಿಂಗ್ ಲೆಟರ್ ಕೈಗೆ ಬಂದ ಮೇಲೆ ಪಿಎಫ್ ಪಾಸ್‌ಬುಕ್ಕಿನಲ್ಲಿ ಎಲ್ಲಾ ತಿಂಗಳ ಹಣ ಬಂದಿದೆಯಾ ನೋಡಿದೆ. ಕೆಲಸ ಬಿಟ್ಟ ದಿನಾಂಕವನ್ನು ಕಂಪನಿ ಹಾಕದಿದ್ದರೆ, ಎರಡು ತಿಂಗಳಾದ ಮೇಲೆ ಪಿಎಫ್ ನೋಡಿಕೊಳ್ಳುವ ಇಪಿಎಫ್‌ಒ ಪೋರ್ಟಲ್‌ನಲ್ಲಿ ನಾವೇ ಹಾಕಬಹುದು. ಅಲ್ಲಿಂದ ಹೊರಟ ಇನ್ನಿಬ್ಬರಿಗೆ ಆಮೇಲೆ ಇದೇ ದಾರಿ ಬೇಕಾಯಿತು, ಫೋನಿನಲ್ಲೇ ಕೂತು ಮಾಡಿಸಿಕೊಟ್ಟೆ.