ಫ್ರಾನ್ಸಿನ ಹಳ್ಳಿಯಲ್ಲಿ ಹಳೇ ಕೊಟ್ಟಿಗೆ ಕೊಂಡು ಮನೆ ಮಾಡುವುದು

ಲಿಮೋಜ್ ಪಟ್ಟಣದಲ್ಲಿ ಹದಿಮೂರು ವರ್ಷ ಬಾಡಿಗೆ ಮನೆಯಲ್ಲಿದ್ದ ನಾವು, ಕೊನೆಗೆ ಪಕ್ಕದ ಕ್ರೂಜ್ ಜಿಲ್ಲೆಯಲ್ಲಿ ಒಂದು ಗ್ರಾಂಜ್ ಕೊಂಡೆವು. ಗ್ರಾಂಜ್ ಅಂದರೆ ಕೆಳಗೆ ಹಸು, ಮೇಲೆ ಹುಲ್ಲು. ನನ್ನ ತವರು ಹೊಸನಗರದ ಕಡೆ. ಕೊಟ್ಟಿಗೆಯೂ ಗೊತ್ತು, ಅಟ್ಟವೂ ಗೊತ್ತು. ಇಲ್ಲಿನ ಗೋಡೆ ಮಾತ್ರ ಬೇರೆ: ಎರಡಡಿಗಿಂತ ದಪ್ಪದ ಗ್ರಾನೈಟ್. 19ನೇ ಶತಮಾನದಲ್ಲಿ ಈ ಜಿಲ್ಲೆಯ ಗಾರೆಯವರು ಕೆಲಸ ಹುಡುಕಿಕೊಂಡು ಪ್ಯಾರಿಸ್‌ಗೆ ಹೋಗಿ ಆ ನಗರ ಕಟ್ಟಿದವರು. ಊರಲ್ಲಿ ಅವರ ಮನೆಯವರು ಕಟ್ಟಿಕೊಂಡ ಕೊಟ್ಟಿಗೆಗಳೂ ಇನ್ನೂ ಅಲುಗಾಡಿಲ್ಲ.

ಬೆಲೆ 31,000 ಯೂರೋ. "ಈ ದುಡ್ಡಿಗೆ ಬೆಂಗಳೂರಲ್ಲಿ ಒಂದು ಬೆಡ್‌ರೂಮೂ ಬರಲ್ಲ, ಸುಮ್ನೆ ತಗೋ ಅಕ್ಕ" ಅಂದ ನನ್ನ ತಮ್ಮ. ಸುಮ್ನೆ ತಗೊಂಡರೆ ಏನಾಗುತ್ತದೆ ಅನ್ನುವುದು ಅದಕ್ಕೂ ಮೊದಲೇ ನಮಗೆ ಗೊತ್ತಾಗಿತ್ತು.

ನಮ್ಮಲ್ಲಿ ಹೊಲ ಕೊಂಡು ಮನೆ ಕಟ್ಟುವವರು ಮೊದಲು ಕೇಳುವುದು "ಡಿಸಿ ಕನ್ವರ್ಷನ್ ಆಗಿದೆಯಾ" ಅಂತ ಅಲ್ವಾ? ಇಲ್ಲೂ ಅದೇ ಕಥೆ. ಕಾನೂನಿನ ಕಣ್ಣಿಗೆ ಕೊಟ್ಟಿಗೆ ಮನೆಯಲ್ಲ. ಅದರಲ್ಲಿ ವಾಸ ಮಾಡಬೇಕಾದರೆ ಬಳಕೆ ಬದಲಾವಣೆಗೆ ಅನುಮತಿ ಬೇಕು. ನಾವು ಮೊದಲು ಮೆಚ್ಚಿದ ಗ್ರಾಂಜ್ ಊರಾಚೆ ಹೊಲದ ನಡುವೆ ಇತ್ತು. ಏಜೆಂಟ್ "ಎಲ್ಲರೂ ಮಾಡ್ತಾರೆ, ಏನೂ ತೊಂದರೆಯಿಲ್ಲ" ಅಂದರು. ಮುಂಗಡ ಕೊಡುವ ಹಿಂದಿನ ವಾರ ನನಗೇ ಯಾಕೋ ಸಮಾಧಾನವಾಗದೆ ಮೇರಿಗೆ ಹೋದೆ. ಮೇರಿ ಅಂದರೆ ನಮ್ಮ ಪಂಚಾಯ್ತಿ ಆಫೀಸಿನ ಹಾಗೆ. ಸಣ್ಣ ಊರಲ್ಲಿ ವಾರಕ್ಕೆ ಎರಡೋ ಮೂರೋ ಬೆಳಿಗ್ಗೆ ತೆಗೆದಿರುತ್ತದೆ. ಅಲ್ಲಿನ ಕಾರ್ಯದರ್ಶಿ ನಕ್ಷೆ ತೆಗೆದು ಬೆರಳಿಟ್ಟು ತೋರಿಸಿದರು: 'ಎ' ವಲಯ, ಅಂದರೆ ಕೃಷಿ. ಎ ವಲಯ ಮತ್ತು ಪ್ರಕೃತಿಗೆ ಮೀಸಲಾದ ಎನ್ ವಲಯದಲ್ಲಿ, ಇಂಥ ಕಟ್ಟಡವನ್ನು ಮನೆ ಮಾಡಬಹುದು ಎಂದು ಪಿಎಲ್‌ಯು ಎಂಬ ಊರಿನ ಭೂಬಳಕೆ ಯೋಜನೆಯಲ್ಲೇ ಸಾಮಾನ್ಯವಾಗಿ ಗುರುತು ಮಾಡಿರಬೇಕು. ಗುರುತಿದ್ದರೂ, ಪರವಾನಗಿ ಕೊಡುವ ಹೊತ್ತಿಗೆ ಜಿಲ್ಲೆಯ ಸಮಿತಿಯೊಂದು ಒಪ್ಪಬೇಕು. ಆ ಗ್ರಾಂಜ್‌ಗೆ ಗುರುತೇ ಇರಲಿಲ್ಲ. ಅದನ್ನು ಅಲ್ಲೇ ಬಿಟ್ಟೆವು.

ಬಾಯಿಮಾತು ನಂಬಬೇಡಿ, ಕಾಗದ ಕೇಳಿ. ಅದರ ಹೆಸರು ಸೆರ್ತಿಫಿಕಾ ದ್ಯುರ್ಬಾನಿಸ್ಮ್. ಎರಡು ಬಗೆ ಇದೆ. ಮೊದಲನೆಯದು ಆ ಜಾಗದ ನಿಯಮಗಳನ್ನಷ್ಟೇ ಹೇಳುತ್ತದೆ. ನಿಮಗೆ ಬೇಕಾದ್ದು ಎರಡನೆಯದು, 'ಒಪೆರಾಸ್ಯೊನೆಲ್'. ಈ ಕೊಟ್ಟಿಗೆಯನ್ನು ಮನೆ ಮಾಡಬಹುದಾ, ನೀರು ಕರೆಂಟು ಅಲ್ಲಿಗೆ ಬರುತ್ತದಾ ಎಂಬುದಕ್ಕೆ ಅದು ಉತ್ತರ ಕೊಡುತ್ತದೆ. ಅರ್ಜಿಗೆ ಶುಲ್ಕವಿಲ್ಲ. ಎರಡು ತಿಂಗಳು ಕಾಯಬೇಕು, ಬಂದ ಕಾಗದ 18 ತಿಂಗಳು ನಡೆಯುತ್ತದೆ. ಮಾರುವವರು ಅವಸರ ಮಾಡಿದರೆ ಮಾಡಲಿ.

ಆಮೇಲೆ ಕಂಪ್ರೋಮಿ, ಅಂದರೆ ಕ್ರಯದ ಕರಾರು. ಸಾಮಾನ್ಯವಾಗಿ ಶೇ 5ರಿಂದ 10 ಮುಂಗಡ ಕೇಳುತ್ತಾರೆ. ಮನೆ ಕೊಳ್ಳುವವರಿಗೆ ಸಹಿ ಹಾಕಿದ ಮೇಲೂ ಮನಸ್ಸು ಬದಲಾಯಿಸಲು 10 ದಿನ ಇದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಆ ಹಕ್ಕು ವಾಸದ ಕಟ್ಟಡಕ್ಕೆ. ಕೊಟ್ಟಿಗೆ ವಾಸದ ಕಟ್ಟಡವಲ್ಲವಲ್ಲ! ನಾವು ಕ್ರಯಪತ್ರ ಮಾಡಿಸುವ ನೋಟೇರ್ ಹತ್ತಿರ ಹೇಳಿ ಆ 10 ದಿನವನ್ನೂ, "ಪರವಾನಗಿ ಸಿಗದಿದ್ದರೆ ಕರಾರು ರದ್ದು, ಮುಂಗಡ ವಾಪಸ್" ಎಂಬ ಷರತ್ತನ್ನೂ ಬರೆಸಿಕೊಂಡೆವು. ಕೊಟ್ಟಿಗೆಯ ಜೊತೆ ಹುಲ್ಲುಗಾವಲೂ ಇದ್ದರೆ ಸಾಫೇರ್ ಎಂಬ ಸಂಸ್ಥೆಗೆ ನೋಟೇರ್ ತಿಳಿಸಬೇಕು. ಕೃಷಿ ಭೂಮಿಯನ್ನು ನಿಮಗಿಂತ ಮೊದಲು ಕೊಳ್ಳುವ ಹಕ್ಕು ಅದಕ್ಕಿದೆ, ಯೋಚಿಸಲು ಎರಡು ತಿಂಗಳೂ ಇದೆ. ನಮ್ಮದಕ್ಕೆ ಅವರು ಕೈ ಹಾಕಲಿಲ್ಲ.

ಇನ್ನು ಪಾಯಿಖಾನೆ ಗುಂಡಿ. ನಗಬೇಡಿ, ಎಷ್ಟೋ ಗ್ರಾಂಜ್‌ಗಳ ಕನಸು ಮುಗಿಯುವುದು ಇಲ್ಲೇ. ಬಹಳಷ್ಟು ಹಳ್ಳಿಗಳಲ್ಲಿ ಒಳಚರಂಡಿ ಇರುವುದಿಲ್ಲ. ಗುಂಡಿ, ಅದರ ನೀರು ಇಂಗಲು ಜಾಗ, ಎರಡೂ ನಿಮ್ಮ ನೆಲದಲ್ಲೇ ಆಗಬೇಕು. ಕುಡಿಯುವ ನೀರಿನ ಬಾವಿಯಿಂದ 35 ಮೀಟರ್ ದೂರ ಇರಬೇಕು. ಸ್ಪಾಂಕ್ ಎಂಬ ಸ್ಥಳೀಯ ವಿಭಾಗ ನಿಮ್ಮ ಯೋಜನೆ ನೋಡಿ ಪತ್ರ ಕೊಟ್ಟರೇ ಪರವಾನಗಿ ಅರ್ಜಿ ಪೂರ್ತಿಯಾಗುವುದು. ನಾಲ್ಕು ಗೋಡೆಯ ಸುತ್ತ ಒಂದು ಗೇಣೂ ಜಾಗವಿಲ್ಲದ ಗ್ರಾಂಜ್ ಅಗ್ಗಕ್ಕೆ ಬಂದಿದ್ದರೆ ಕಾರಣ ಇದೇ ಇರಬಹುದು. ನಮಗೆ ಮಣ್ಣು ಪರೀಕ್ಷೆಯೂ ಸೇರಿ 9,500 ಯೂರೋ ಆಯಿತು.

ಕಟ್ಟಡ ನೋಡಲು ಮಳೆ ಸುರಿಯುವ ಫೆಬ್ರವರಿಯಲ್ಲಿ ಹೋಗಿ. ಮೊದಲು ತಲೆಯೆತ್ತಿ. ಸೂರು ಸೋರಿದರೆ ತೊಲೆಗಳು ಗೋಡೆಯೊಳಗೆ ಕೂತ ತುದಿಯಲ್ಲಿ ಕೊಳೆಯುತ್ತವೆ. ಒಂದು ಚೂರಿ ಚುಚ್ಚಿ ನೋಡಿ, ಬೆಣ್ಣೆಯ ಹಾಗೆ ಒಳಗೆ ಹೋದರೆ ಲೆಕ್ಕ ಬೇರೆ. ಆಮೇಲೆ ಗೋಡೆಯ ಬುಡ. ನೂರು ವರ್ಷ ಹಸು ಕಟ್ಟಿದ ಜಾಗದಲ್ಲಿ ಗಂಜಲದ ಉಪ್ಪು ಕಲ್ಲಿಗೆ ಇಳಿದಿರುತ್ತದೆ, ಬೆಳ್ಳಗೆ ಹಿಟ್ಟಿನಂತೆ ಮೇಲೆ ಬರುತ್ತದೆ. ನಮ್ಮ ಹಿಂದಿನ ಮಾಲೀಕರು ಅದನ್ನು ಮುಚ್ಚಲು ಸಿಮೆಂಟ್ ಮೆತ್ತಿದ್ದರು. ಒಳಗೆ ಸಿಕ್ಕಿಬಿದ್ದ ತೇವ ಗೋಡೆಯಲ್ಲಿ ಮೇಲೇರಿ ಎದೆಮಟ್ಟಕ್ಕೆ ಬಂದಿತ್ತು. ಇಡೀ ಒಂದು ಬೇಸಿಗೆ ಆ ಸಿಮೆಂಟ್ ಕೆತ್ತಿದೆವು. ಇಂಥ ಗೋಡೆಯಲ್ಲಿ ಕಲ್ಲಿನ ನಡುವೆ ಇರುವುದು ಮಣ್ಣು. ಅದಕ್ಕೆ ಒಗ್ಗುವುದು ಸುಣ್ಣದ ಗಾರೆ, ತೇವ ಅದರ ಮೂಲಕ ಹೊರಗೆ ಹೋಗುತ್ತದೆ. ಅಜ್ಜಿಮನೆಯ ಗೋಡೆಗೆ ಸುಣ್ಣ ಬಳಿಯುವುದನ್ನು ನೋಡಿದ್ದ ನನಗೆ ಇದನ್ನು ಯಾರೂ ವಿವರಿಸಬೇಕಿರಲಿಲ್ಲ.

ನಕ್ಷೆಯಲ್ಲಿ ಒಂದು ಗೆರೆ ನೆನಪಿಡಿ: 150 ಚದರ ಮೀಟರ್. ಅದನ್ನು ದಾಟಿದರೆ ಆರ್ಕಿಟೆಕ್ಟ್ ಕಡ್ಡಾಯ. ಗ್ರಾಂಜ್ ಸಣ್ಣದು ಅನ್ನಿಸುತ್ತದೆ, ಎರಡು ಅಂತಸ್ತು ಹಾಕಿದರೆ ಸಲೀಸಾಗಿ ದಾಟುತ್ತದೆ. ನಾವು ಅರ್ಧ ಭಾಗಕ್ಕೆ ಮಹಡಿ ಹಾಕದೆ ಹಾಗೇ ಎತ್ತರಕ್ಕೆ ಬಿಟ್ಟೆವು, 146ಕ್ಕೆ ನಿಂತಿತು. ಸಂರಕ್ಷಿತ ಚರ್ಚೋ ಕೋಟೆಯೋ 500 ಮೀಟರ್ ಒಳಗಿದ್ದರೆ ಕಿಟಕಿಯ ಬಣ್ಣಕ್ಕೂ ಸರ್ಕಾರಿ ವಾಸ್ತುಶಿಲ್ಪಿಯ ಮಾತು ಕೇಳಬೇಕಾಗಬಹುದು. ಪರವಾನಗಿ ಸಿಕ್ಕ ಮೇಲೆ ಜಾಗದಲ್ಲಿ ಬೋರ್ಡ್ ಹಾಕಿ. ಅದು ಕಾಣಿಸಿದ ದಿನದಿಂದ ಎರಡು ತಿಂಗಳು, ನಿಮ್ಮ ಕೆಲಸದಿಂದ ನೇರ ತೊಂದರೆಯಾಗುವ ಅಕ್ಕಪಕ್ಕದವರು ತಕರಾರು ಎತ್ತಬಹುದು, ಅಲ್ಲಿಯವರೆಗೆ ದೊಡ್ಡ ಕೆಲಸ ಶುರು ಮಾಡಬೇಡಿ. ಮೇಸ್ತ್ರಿಯ ಹತ್ತಿರ 10 ವರ್ಷದ ಹೊಣೆಯ ವಿಮೆಯ ಕಾಗದ ಕೇಳಿ, ದಿನಾಂಕ ಓದಿ.

ಊರಿಂದಲೇ ಕೊಳ್ಳುವ ಯೋಚನೆ ಇರುವವರಿಗೆ ಒಂದು ಮಾತು: ಮನೆ ಇದೆ ಅಂತ ಯಾರೂ ವೀಸಾ ಕೊಡುವುದಿಲ್ಲ. ಪ್ರವಾಸಿ ವೀಸಾದಲ್ಲಿ ಜಾಸ್ತಿ ಅಂದರೆ 180 ದಿನಗಳಲ್ಲಿ 90 ದಿನ ಇರಬಹುದು.

ಹಾಂ, ಬಾವಲಿಗಳು. ಇಲ್ಲಿ ಅವಕ್ಕೆ ಕಾನೂನಿನ ರಕ್ಷಣೆ ಇದೆ, ಓಡಿಸುವಂತಿಲ್ಲ. ನಮ್ಮ ಅಟ್ಟದಲ್ಲಿ ಮರಿ ಹಾಕಿದ್ದವು. ಸೂರಿನ ಕೆಲಸದವರು ಜೂನ್‌ನಲ್ಲಿ ಏಣಿ ತಂದು, ನೋಡಿ, ಏಣಿ ವಾಪಸ್ ತಗೊಂಡು ಹೋದರು. ಬಂದದ್ದು ಅಕ್ಟೋಬರ್‌ನಲ್ಲಿ.